ಬದುಕಿದ್ದವರ ಸ್ಮರಣಾರ್ಥ

ಮನುಷ್ಯರ ವಯಸ್ಸನ್ನು ನಾನು ಮುಖ ನೋಡಿ ಹೇಳುವುದಿಲ್ಲ, ಅವರು ಪಾತ್ರೆ ಹಿಡಿಯುವ ರೀತಿ ನೋಡಿ ಹೇಳುತ್ತೇನೆ. ಹೊನ್ನಾಳಿಯಲ್ಲಿ ನನ್ನದೊಂದು ಸ್ಟೀಲ್ ಪಾತ್ರೆ ಅಂಗಡಿ ಇದೆ. ಅದಕ್ಕೂ ಮೊದಲು ನ್ಯಾಮತಿಯ ಓಣಿಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆಯ ಬಟ್ಟೆ ತೆಗೆದುಕೊಂಡು ಹೊಸ ಪಾತ್ರೆ ಕೊಡುತ್ತಾ ತಿರುಗಿದವಳು ನಾನು. ಎರಡು ಪ್ಯಾಂಟು ಒಂದು ಸೀರೆಗೆ ಬೋಗುಣಿಯೋ ಲೋಟವೋ ಎಂದು ಯಾರದೋ ಹೊಸಿಲ ಮುಂದೆ ಕೂತು ಮಧ್ಯಾಹ್ನದವರೆಗೆ ಜಗ್ಗಾಡಿದ್ದೇನೆ. ಕಾಲೇಜಿಗೆ ಹೋದವರು ಅಲ್ಲಿ ಏನು ಕಲಿಯುತ್ತಾರೋ ತಿಳಿಯದು. ನಾನು ಕಲಿತದ್ದೆಲ್ಲ ಆ ಹೊಸಿಲುಗಳ ಮುಂದೆ.

ಹೊಸದಾಗಿ ಮದುವೆಯಾದವಳು ಪಾತ್ರೆಯ ಹೊಳಪು ನೋಡುತ್ತಾಳೆ, ಅಂದರೆ ಅದರಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾಳೆ. ಅವಳೇ ಒಂದು ಮಗುವಾದ ಮೇಲೆ ಬಂದರೆ ಅಂಚನ್ನು ಬೆರಳಿನಿಂದ ಸವರುತ್ತಾಳೆ, ಕೈ ಕುಯ್ಯುತ್ತದೆಯೋ ಎಂದು. ನಲವತ್ತಾದ ಮೇಲೆ ಹೊಳಪೂ ಬೇಡ ಅಂಚೂ ಬೇಡ, ಕೈಯಲ್ಲಿ ತೂಗಿ ನೋಡುತ್ತಾಳೆ. ಅರವತ್ತು ದಾಟಿದವಳು ಬೆರಳ ಗೆಣ್ಣಿನಿಂದ ಬಡಿದು ಕಿವಿಯ ಹತ್ತಿರ ಹಿಡಿಯುತ್ತಾಳೆ, ಕಿವಿ ಕೇಳದಿದ್ದರೂ. ಗಂಡಸರ ವಿಷಯ ಬರೆಯಲು ಹೆಚ್ಚೇನೂ ಇಲ್ಲ. ಇಪ್ಪತ್ತೈದರಿಂದ ಎಪ್ಪತ್ತೈದರವರೆಗೆ ಅವರು ಅಂಗಡಿಯ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಈಗ ಫೋನು ನೋಡುತ್ತಾರೆ.

ನಾನೂ ಬದಲಾದೆನಲ್ಲ. ನ್ಯಾಮತಿಯಲ್ಲಿ ಮೊದಲು "ಪಾತ್ರೆ ಹುಡುಗಿ ಬಂದ್ಲು" ಅನ್ನುತ್ತಿದ್ದರು. ಆಮೇಲೆ ಪಾತ್ರೆ ಅಕ್ಕ, ಆಮೇಲೆ ಪಾತ್ರೆ ಆಂಟಿ. ಹೋದ ವರ್ಷ ಒಬ್ಬಳು ಕಾಲೇಜು ಹುಡುಗಿ ಟಿಫಿನ್ ಬಾಕ್ಸ್ ಹಿಡಿದು, "ಅಜ್ಜಿ, ಇದ್ರಾಗೆ ಸ್ವಲ್ಪ ಕಡಿಮೆ ಮಾಡ್ರಿ" ಅಂದಳು. ಅವಳಿಗೆ ಒಂದು ರೂಪಾಯಿಯನ್ನೂ ಬಿಡಲಿಲ್ಲ. ನನ್ನ ಮಾತು ಕೇಳಿ, ಅಂಗಡಿಯಲ್ಲಿ ಕೂತ ಹೆಂಗಸನ್ನು ಕರೆಯುವಾಗ ನಿಮ್ಮ ಕಣ್ಣಿಗೆ ಕಂಡದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿಳಿದೇ ಕರೆಯಿರಿ. ಅಜ್ಜಿ ಕಂಡರೆ ಆಂಟಿ ಎನ್ನಿ, ಆಂಟಿ ಕಂಡರೆ ಅಕ್ಕ ಎನ್ನಿ. ಚೌಕಾಸಿಯ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನನಗೊಂದು ನಂಬಿಕೆ ಗಟ್ಟಿಯಾಗಿತ್ತು. ಅರವತ್ತರವರೆಗೆ ಮನುಷ್ಯ ಬದಲಾಗುತ್ತಾನೆ, ಅಲ್ಲಿಂದಾಚೆಗೆ ಅವನು ಅಚ್ಚಿನಿಂದ ಹೊರಬಿದ್ದ ಪಾತ್ರೆ, ತಗ್ಗು ಬೀಳಬಹುದು, ಆಕಾರ ಬದಲಾಗುವುದಿಲ್ಲ ಎಂದು. ಬಂದವರಿಗೆಲ್ಲ ಇದನ್ನು ಹೇಳುತ್ತಿದ್ದೆ. ಈ ಮಾತನ್ನು ನಾನು ಬಿಟ್ಟದ್ದು ಬಿಳಿಚೋಡಿನಲ್ಲಿ, ಬೀದಿಯ ಜನರೆಲ್ಲರ ಎದುರಿಗೆ.

ಕತ್ತಲಗೆರೆಯ ಯಜಮಾನರೊಬ್ಬರು ನನಗೆ ಚನ್ನಗಿರಿ ಸಂತೆಯಿಂದ ಪರಿಚಯ. ನಾನು ಅಲ್ಲಿ ತಾಡಪಾಲು ಹಾಸಿ ಕೂರುತ್ತಿದ್ದ ಕಾಲದಿಂದ ಅವರ ಮನೆಯ ಮದುವೆಗಳಿಗೆಲ್ಲ ನನ್ನದೇ ಪಾತ್ರೆ. ಒಂದು ಬೆಳಿಗ್ಗೆ ಹೊನ್ನಾಳಿಯ ಅಂಗಡಿಗೆ ಬಂದರು. ಎಪ್ಪತ್ತೆಂಟು ವರ್ಷ, ನೆಟ್ಟಗಿನ ಬೆನ್ನು, ಬಿಳಿ ಮೀಸೆ.

"ತಂಗಿ, ನೂರಾ ಒಂದು ಡಬ್ಬಿ ಬೇಕು. ಹೆಸರು ಹಾಕಿಸಿ."

"ಮೊಮ್ಮಗಳ ಮದುವೇನಾ ಯಜಮಾನ್ರೆ?"

"ಅಲ್ಲ, ನಂದೇ."

"ನಿಮ್ಮ ಮದುವೇನಾ!"

"ಥೂ, ನನ್ನ ಹನ್ನೊಂದನೇ ದಿನದ್ದು."

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹನ್ನೊಂದನೆಯ ದಿನದ ಊಟಕ್ಕೆ ಬಂದವರಿಗೆ ಹೋಗುವಾಗ ಒಂದೊಂದು ಪಾತ್ರೆ ಕೊಡುತ್ತಾರೆ. ಅದರ ಮೇಲೆ ತೀರಿಕೊಂಡವರ ಹೆಸರು, "ಇವರ ಸ್ಮರಣಾರ್ಥ" ಎಂಬ ಒಂದು ಸಾಲು, ಕೆಳಗೆ ದಿನಾಂಕ. ನಮ್ಮ ಅಡುಗೆಮನೆಯಲ್ಲಿ ಸಕ್ಕರೆ, ಬೇಳೆ, ಸಾಸಿವೆ ಎಲ್ಲ ಹೀಗೆ ಯಾರಾದರೊಬ್ಬರ ಹೆಸರಿನಲ್ಲೇ ಇವೆ. ಸಕ್ಕರೆ ಮುಗಿದರೆ ನನ್ನ ಸೊಸೆ, "ಅತ್ತೆ, ಸೋದರಮಾವ ಖಾಲಿ ಆದ್ರು" ಎಂದು ಕೂಗುತ್ತಾಳೆ. ಆದರೆ ಈ ಪಾತ್ರೆ ತರಲು ಮಕ್ಕಳು ಬರುತ್ತಾರೆ, ಅಳಿಯಂದಿರು ಬರುತ್ತಾರೆ. ಹೆಸರಿನವರೇ ನಡೆದು ಬಂದದ್ದು ನನ್ನ ವ್ಯಾಪಾರದಲ್ಲಿ ಅದೇ ಮೊದಲು.

"ಇದೆಲ್ಲ ನಿಮಗ್ಯಾಕ್ರಿ? ಮಕ್ಕಳಿಲ್ವಾ?"

"ಅವ್ರನ್ನ ನಂಬಾಕೆ ಆಗಲ್ಲ ತಂಗಿ. ಊದಿದ್ರೆ ಹಾರೋ ಅಂಥವು ತರ್ತಾರೆ. ಜನ ನನ್ನ ಹೆಸರಿನ ಮೇಲೆ ಬೆರಳಿಟ್ಟು ಒತ್ತಿದ್ರೆ ತಗ್ಗು ಬೀಳಬಾರದು."

ದಪ್ಪ ತಗಡಿನದನ್ನೇ ಆರಿಸಿದರು. ನೂರಾ ಒಂದು ಡಬ್ಬಿಯ ಮುಚ್ಚಳವನ್ನೂ ಒಂದೊಂದಾಗಿ ತೆಗೆದು ಹಾಕಿ ನೋಡಿದರು. ಆಮೇಲೆ ದಿನಾಂಕದ ಮಾತು ಬಂತು.

"ತಾರೀಖಿನ ಜಾಗ ಖಾಲಿ ಬಿಟ್ಟಿರು. ಖಾಲಿ ಜಾಗದಾಗೆ ನಿನ್ನ ಹೆಸರು ಕೊರೆಯೋ ಮಷಿನ್ನು ಓಡಲ್ಲ, ಅದಕ್ಕೆ ಕಡಿಮೆ ಮಾಡು."

"ಆಮೇಲೆ ಅದೊಂದನ್ನ ಹಾಕಾಕೆ ನಾನು ಮತ್ತೆ ನೂರಾ ಒಂದು ಡಬ್ಬಿ ಮುಂದೆ ಕುತ್ಕಬೇಕಲ್ರೀ. ಅದಕ್ಕೆ ಜಾಸ್ತಿ ಆಗುತ್ತೆ."

"ಜಾಸ್ತೀನ ನನ್ನ ಮಕ್ಕಳ ಹತ್ರ ಇಸ್ಕ. ಆವಾಗ ನಾನು ಇರಲ್ಲ."

ಒಪ್ಪಿಕೊಂಡೆ. ಲೆಕ್ಕ ಮುಗಿಸಿ, "ನೂರು ಸಾಲದಾ, ನೂರಾ ಒಂದು ಯಾಕೆ?" ಎಂದು ಸುಮ್ಮನೆ ಕೇಳಿದೆ.

"ನೂರು ಊರಿನೋರಿಗೆ. ಒಂದು ಬಿಳಿಚೋಡಿಗೆ" ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

ಬಿಳಿಚೋಡಿನಲ್ಲಿ ಅವರ ಅಕ್ಕ ಇದ್ದಳು. ಜಗಳೂರು ಸೀಮೆಗೆ ಚಿಕ್ಕ ವಯಸ್ಸಿನಲ್ಲೇ ಕೊಟ್ಟ ಒಬ್ಬಳೇ ಅಕ್ಕ. ತಾಯಿ ತೀರಿಕೊಂಡಾಗ, ನೀರು ಕಾಯಿಸುವ ತಾಮ್ರದ ಹಂಡೆ ತನಗೆಂದು ತಾಯಿಯೇ ಹೇಳಿದ್ದಳು ಎಂದು ಅಕ್ಕ ಅಂದಳಂತೆ. ಹಾಗೆ ಹೇಳಿದ್ದನ್ನು ನಾವ್ಯಾರೂ ಕೇಳಿಲ್ಲ ಎಂದು ಇವರು ಅಂದರಂತೆ. ಅಕ್ಕ ಉಣ್ಣದೆ ಎದ್ದು ಹೋದಳು. ಅದಾಗಿ ಮೂವತ್ತು ವರ್ಷ ದಾಟಿತ್ತು. ಇವರ ಮನೆಯ ಮದುವೆಗಳಿಗೆ ಅವಳು ಬರಲಿಲ್ಲ, ಅವಳ ಮನೆಯವಕ್ಕೆ ಇವರು ಹೋಗಲಿಲ್ಲ.

"ನಾನು ಸತ್ತಾಗ ಆದ್ರೂ ಬರ್ತಾಳೆ. ಬರದೆ ಇರಾಕೆ ಆಗಲ್ಲ. ಆವಾಗ ಅವಳ ಕೈಗೆ ಒಂದು ಡಬ್ಬಿ ಹೋಗಬೇಕು. ಅದು ನಿನ್ನ ಜವಾಬ್ದಾರಿ."

"ಅವರಿಗೆ ಎಷ್ಟು ವಯಸ್ಸು ಯಜಮಾನ್ರೆ?"

"ಎಂಬತ್ನಾಲ್ಕು ಇರಬೇಕು."

"ಮತ್ತೆ ಅವರೇ ಮೊದಲು ಹೋದರೆ?"

ಯಜಮಾನರ ಕೈ ಮುಚ್ಚಳದ ಮೇಲೆ ನಿಂತುಬಿಟ್ಟಿತು. ತಗಡಿನ ದಪ್ಪ ನೋಡಿದ್ದರು, ಊಟದ ಎಲೆಯ ಲೆಕ್ಕ ಹಾಕಿದ್ದರು, ಇದೊಂದನ್ನು ಮಾತ್ರ ಯೋಚಿಸಿರಲಿಲ್ಲ. ಎದ್ದು ಹೋದರು. ಡಬ್ಬಿಗಳು ಹೆಸರು ಹಾಕಿಸಿಕೊಂಡು ನನ್ನ ಅಟ್ಟದ ಮೇಲೆ ಕೂತವು.

ಹದಿನೈದು ದಿನಕ್ಕೆ ಮತ್ತೆ ಬಂದರು. ಡಬ್ಬಿ ನೋಡುವ ನೆಪ. ಮತ್ತೊಂದು ವಾರಕ್ಕೆ ಇನ್ನೊಮ್ಮೆ. ಮೂರನೆಯ ಸಲ ನಾನೇ ಹೇಳಿದೆ. "ನೋಡ್ರಿ ಯಜಮಾನ್ರೆ, ಸತ್ತ ಮೇಲೆ ಕೊಟ್ಟರೆ ಅವರು ಏನಂದ್ರು ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ? ಕೊಟ್ಟ ವಸ್ತುವಿಗೆ ಎದುರಿನವರ ಮುಖ ಏನಾಯ್ತು ಅಂತ ನೋಡಲಿಲ್ಲ ಅಂದ್ರೆ ಅದು ವ್ಯಾಪಾರ ಅಲ್ಲ. ಈಗಲೇ ನಡೀರಿ, ಬೇಕಾದರೆ ನಾನೂ ಬರ್ತೀನಿ."

ಇದು ನಾನು ಯಾರಿಗಾದರೂ ಕೊಡುವ ಸಲಹೆ. ಮಾತು ಬಿಟ್ಟ ಇಬ್ಬರ ನಡುವೆ ಸಂಬಂಧಿಕರನ್ನು ಕರೆದೊಯ್ಯಬೇಡಿ, ಹೊರಗಿನವರನ್ನು ಕರೆದೊಯ್ಯಿರಿ. ಸಂಬಂಧಿಕರು ಹಳೆಯದನ್ನೆಲ್ಲ ನೆನಪಿಸುತ್ತಾರೆ. ಹೊರಗಿನವರಿಗೆ ಬಸ್ಸಿಗೆ ಹೊತ್ತಾಗಿರುತ್ತದೆ.

ಹೊರಡುವ ದಿನ ನಾನು ಹೆಸರಿಲ್ಲದ ಒಂದು ಹೊಸ ಡಬ್ಬಿ ಇಳಿಸಿಟ್ಟಿದ್ದೆ. ಯಜಮಾನರು ಅದನ್ನು ಪಕ್ಕಕ್ಕೆ ಸರಿಸಿದರು.

"ನಂದೇ ಒಂದು ಅಟ್ಟದ ಮೇಲೆ ಐತಲ್ಲ, ಇದು ಯಾಕೆ ದಂಡ?"

"ಅದರ ಮೇಲೆ ಸ್ಮರಣಾರ್ಥ ಅಂತ ಐತೆ ಯಜಮಾನ್ರೆ. ಬದುಕಿರೋರು ಕೊಡೋ ಅಂಥದ್ದಲ್ಲ ಅದು."

"ಅವಳಿಗೆ ಏನು ಗೊತ್ತಾಗಬೇಕು? ಒಂದಕ್ಷರ ಬರಲ್ಲ, ಹೆಬ್ಬೆಟ್ಟು. ಹೂವಿನ ಚಿತ್ರ ಅನ್ಕಳ್ತಾಳೆ."

ನಾನು ಇನ್ನೊಮ್ಮೆ ಬೇಡ ಎನ್ನಬೇಕಿತ್ತು. ಹೊಸ ಡಬ್ಬಿ ನನ್ನ ಅಂಗಡಿಯಲ್ಲೇ ಉಳಿಯುತ್ತದಲ್ಲ ಎಂದು ಸುಮ್ಮನಾದೆ. ತಪ್ಪು ಅವರೊಬ್ಬರದೇ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನ ಕಡೆ ಹೊರಟೆವು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಯಜಮಾನರು ದಾವಣಗೆರೆ ದಾಟುವವರೆಗೂ ತಮ್ಮ ಟಿಕೆಟ್ಟನ್ನೂ ನನ್ನ ಪುಕ್ಕಟೆ ಟಿಕೆಟ್ಟನ್ನೂ ಅಕ್ಕಪಕ್ಕ ಹಿಡಿದು ನೋಡಿದರು. "ಇನ್ನೊಂದು ಸಲ ಹುಟ್ಟಿದ್ರೆ ಹೆಣ್ಣಾಗೇ ಹುಟ್ಟಬೇಕು ತಂಗಿ."

"ಹುಟ್ರಿ. ಪಾತ್ರೆ ತೊಳೆಯೋರು ನಮಗೂ ಬೇಕು."

ಅಷ್ಟರವರೆಗೆ ಅವರು ಕತ್ತಲಗೆರೆಯ ಯಜಮಾನರೇ ಆಗಿದ್ದರು. ಬಸ್ಸು ಜೋಳದ ಹೊಲಗಳನ್ನೂ ಕುರಿ ಮಂದೆಗಳನ್ನೂ ದಾಟುತ್ತ ಹೋದ ಹಾಗೆ ಅವರಿಗೆ ಏನೋ ಆಗತೊಡಗಿತು. ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿದರು. ಒಂದು ನಿಲ್ದಾಣ ಕಳೆದು ಮತ್ತೆ ಬಾಚಿದರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಬಿಳಿಚೋಡು ಹತ್ತಿರ ಬಂದಾಗ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಬಯ್ತಾಳೇನು?" ಅಂದರು. ಎಪ್ಪತ್ತೆಂಟರ ಮನುಷ್ಯ ಇಪ್ಪತ್ತು ಮೈಲಿಗೆ ಎಪ್ಪತ್ತು ವರ್ಷ ಇಳಿದುಬಿಟ್ಟಿದ್ದರು.

ಅಕ್ಕನ ಮನೆಯ ಎದುರಿಗೇ ಒಂದು ಚಹಾ ಅಂಗಡಿ ಇತ್ತು. ಯಜಮಾನರು ಅದರ ಬೆಂಚಿನ ಮೇಲೆ ಗಟ್ಟಿಯಾಗಿ ಕೂತರು.

"ನೀನು ಮೊದಲು ಹೋಗು. ಮುಖ ಹೆಂಗೈತೆ ನೋಡು. ಚೆನ್ನಾಗಿದ್ರೆ ಕೈ ಮಾಡು, ಬರ್ತೀನಿ."

"ಚೆನ್ನಾಗಿಲ್ಲ ಅಂದ್ರೆ?"

"ಚಾ ಕುಡಿದು ವಾಪಸ್ ಹೋಗೋಣ."

ನಾನೊಬ್ಬಳೇ ಹೋದೆ. ಪಡಸಾಲೆಯಲ್ಲಿ ಒಬ್ಬ ಅಜ್ಜಿ ಕಾಲು ನೀಡಿ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಸಣ್ಣ ಮೈ, ದೊಡ್ಡ ಕೈಗಳು. ಮೂಗು ಥೇಟ್ ತಮ್ಮನದೇ.

"ಯಾರವ್ವ ನೀನು? ಪಾತ್ರೆ ಮಾರೋಳೇನು? ನಮಗೆ ಬೇಡ."

ಡಬ್ಬಿ ನೋಡಿದ ಕೂಡಲೇ ಬೇಡ ಎನ್ನುವ ಹೆಂಗಸರೆಂದರೆ ನನಗೆ ಗೌರವ. "ಮಾರಾಕೆ ಬಂದಿಲ್ಲ ಅಜ್ಜಿ. ಕತ್ತಲಗೆರೆಯಿಂದ ನಿಮ್ಮ ತಮ್ಮನೋರ ಕಡೆಯಿಂದ ಬಂದೆ. ಇದು ನಿಮಗೆ."

ಬಡಿಯುವ ಕಲ್ಲು ನಿಂತಿತು. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಡಬ್ಬಿ ತೆಗೆದುಕೊಂಡಳು. ತೂಗಿ ನೋಡಲಿಲ್ಲ, ಬಡಿದೂ ನೋಡಲಿಲ್ಲ. ಕುಪ್ಪಸದೊಳಗಿಂದ ದಾರ ಕಟ್ಟಿದ ಕನ್ನಡಕ ತೆಗೆದು ಮೂಗಿನ ಮೇಲಿಟ್ಟಳು.

ಡಬ್ಬಿ ವಾಪಸ್ ಇಸಿದುಕೊಳ್ಳಲು ಕೈ ಚಾಚಿದೆ.

ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವಳ ಮರಿಮೊಮ್ಮಗಳನ್ನು ಒಂದನೆಯ ಕ್ಲಾಸಿಗೆ ಸೇರಿಸಿದಾಗ ಮನೆಯವರೆಲ್ಲ ಹೊಲಕ್ಕೆ ಹೋಗುತ್ತಿದ್ದರು. ಮಗು ಸಂಜೆ ಅಜ್ಜಿಯ ಮುಂದೆ ಕೂತು ಓದುತ್ತಿತ್ತು. ಓದಿದ್ದು ಸರಿಯೋ ತಪ್ಪೋ ತಿಳಿಯಲಿ ಎಂದು ಅಜ್ಜಿ ತಾನೂ ಕಲಿತಳು. ಮಗು ಈಗ ಐದನೆಯ ಕ್ಲಾಸು. ಅಜ್ಜಿ ಬಸ್ಸಿನ ಬೋರ್ಡು, ಔಷಧಿ ಡಬ್ಬಿ, ಗೋಡೆಗೆ ಹಚ್ಚಿದ ಚುನಾವಣೆ ಕಾಗದ ಎಲ್ಲ ಓದುತ್ತಿದ್ದಳು. ಎಂಬತ್ತು ದಾಟಿದ ಮೇಲೆ ಕಲಿತದ್ದು. ಯಜಮಾನರ ತಲೆಯೊಳಗೆ ಮಾತ್ರ ಅವಳು ಹೆಬ್ಬೆಟ್ಟಾಗಿಯೇ ಉಳಿದಿದ್ದಳು.

ಅವಳು ಬೆರಳಿಟ್ಟು ಮೊದಲು ತಮ್ಮನ ಹೆಸರು ಓದಿದಳು. ಮುಖ ಅರಳಿತು. ನಾನು ಕೈ ಮಾಡಲೆಂದು ಬಾಗಿಲ ಕಡೆ ತಿರುಗುವುದರೊಳಗೆ ಬೆರಳು ಮುಂದಿನ ಸಾಲಿಗೆ ಹೋಯಿತು.

"ಇವರ... ಸ್ಮ... ಸ್ಮರ... ಣಾ..."

"ಅಜ್ಜಿ, ಅದೇನಂದ್ರೆ..."

ಅವಳು ಓದಿ ಮುಗಿಸಿದಳು. ಎರಡೂ ಕೈಯಿಂದ ಎದೆ ಬಡಿದುಕೊಂಡಳು. ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ದನಿ ಹೇಗೆ ಬಂತೋ ತಿಳಿಯದು.

ನಮ್ಮ ಕಡೆಯ ಹಳೆಯ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರ ಹುಟ್ಟಿನಿಂದ ಶುರುಮಾಡಿ ಕೊನೆಯವರೆಗೆ ಒಂದೊಂದನ್ನೂ ಎತ್ತಿ ಹೇಳಬೇಕು, ಮಧ್ಯದಲ್ಲಿ ನಿಲ್ಲಿಸುವ ಹಾಗಿಲ್ಲ. ನಾನು "ಬದುಕವ್ರೆ ಅಜ್ಜಿ, ಹೊರಗವ್ರೆ" ಎಂದು ಮೂರು ಸಲ ಕೂಗಿದೆ. ನನ್ನ ಮಾತು ಅವಳ ರಾಗದಲ್ಲಿ ಕೊಚ್ಚಿಹೋಯಿತು. ಅಕ್ಕಪಕ್ಕದ ಹೆಂಗಸರು ಓಡಿಬಂದರು. ಬಂದವರು ಯಾರು ಸತ್ತರೆಂದು ಕೇಳುವ ಮೊದಲೇ ಸುತ್ತ ಕೂತು ಸೆರಗು ಬಾಯಿಗೆ ಹಿಡಿದರು.

"ನನ್ನ ತಮ್ಮಯ್ಯಾ... ನನ್ನ ಸೊಂಟದ ಮೇಲೆ ಬೆಳೆದೆಲ್ಲೋ... ಎಮ್ಮೆ ಮೇಲಿಂದ ನೀನೇ ಬಿದ್ದು ಅಕ್ಕ ನೂಕಿದ್ಲು ಅಂತ ಹೇಳಿದೆಲ್ಲೋ... ನನಗೆ ಹೊಡೆತ ತಿನ್ನಿಸಿದೆಲ್ಲೋ..."

ನಾನು ಬಾಗಿಲಿಗೆ ಬಂದು ಯಜಮಾನರತ್ತ ಎರಡೂ ಕೈ ಬೀಸಿದೆ. ಅವರು ಬೆಂಚಿನಿಂದ ಎದ್ದಿದ್ದರು, ಆದರೆ ಅಲ್ಲೇ ನಿಂತು ಕೇಳುತ್ತಿದ್ದರು. ತಮ್ಮ ಸಾವಿಗೆ ಅಕ್ಕ ಅಳುವುದನ್ನು ಕಿವಿಯಾರೆ ಕೇಳುವ ಭಾಗ್ಯ ಯಾರಿಗುಂಟು? ಚಹಾ ಅಂಗಡಿಯ ಗಂಡಸರೂ ಲೋಟ ಹಿಡಿದು ಕೇಳುತ್ತಿದ್ದರು.

"ಹಂಡೆ ನೀನೇ ಇಟ್ಕಂಡೆಲ್ಲೋ... ಬಿಸಿನೀರು ಹುಯ್ಕಂಡೆಲ್ಲೋ... ನನ್ನ ನೆನಪು ಬರಲಿಲ್ವೇನೋ..."

ಯಜಮಾನರು ತಲೆ ತಗ್ಗಿಸಿದರು. ಅದನ್ನೂ ನುಂಗಿಕೊಂಡರು. ನಾನು ಹತ್ತಿರ ಹೋಗಿ, "ಒಳಗೆ ಬರ್ರಿ, ಆ ಮುದುಕಿ ಎದೆ ಒಡ್ಕಂಡು ಸಾಯ್ತಾಳೆ" ಎಂದು ತೋಳು ಹಿಡಿದು ಎಳೆದೆ. ಅವರು ಕದಲಲಿಲ್ಲ.

"ಎಂಟು ವರ್ಷದ ತನಕ ಹಾಸಿಗೇಲಿ ಉಚ್ಚೆ ಹುಯ್ಯುತ್ತಿದ್ದೆಲ್ಲೋ... ಅವ್ವನಿಗೆ ಗೊತ್ತಾಗದಂಗೆ ದಿನಾ ಕೌದಿ ಒಗೆದು ಹಾಕಿದೆನಲ್ಲೋ..."

ಚಹಾ ಅಂಗಡಿಯಲ್ಲಿ ಯಾರೋ ಕಿಸಕ್ಕೆಂದರು. ಯಜಮಾನರು ನನ್ನ ಕೈ ಕೊಡವಿ ಬಾಣದ ಹಾಗೆ ಒಳಕ್ಕೆ ನುಗ್ಗಿದರು.

"ಎಂಟಲ್ಲ! ಆರು! ಆರು ವರ್ಷಕ್ಕೆ ಬಿಟ್ಟಿದ್ದೆ!"

ಒಬ್ಬ ಹೆಂಗಸು "ಅಯ್ಯಯ್ಯಪ್ಪಾ" ಎಂದು ಅಡುಗೆಮನೆಗೆ ಓಡಿದಳು. ಅಜ್ಜಿ ಬಾಯಿ ತೆರೆದವಳು ಹಾಗೇ ನೋಡಿದಳು. ಡಬ್ಬಿಯನ್ನೂ ನೋಡಿದಳು, ತಮ್ಮನನ್ನೂ ನೋಡಿದಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಅವರ ಕಡೆ ಬೀಸಿದಳು. ಮುಚ್ಚಳ ಯಜಮಾನರ ಮೊಣಕಾಲಿಗೆ ಬಿದ್ದು ಠಣ್ ಎಂದಿತು. ಒಳ್ಳೆಯ ದಪ್ಪ ತಗಡು, ಚೆನ್ನಾಗಿಯೇ ಪೆಟ್ಟಾಗಿರಬೇಕು.

"ಎಂಟು" ಅಂದಳು.

"ಆರು ಅಕ್ಕ. ಶಾಲೆಗೆ ಸೇರೋವಾಗ ಇರಲೇ ಇಲ್ಲ."

"ಒಗೆದೋಳು ನಾನು! ಸೇರಿ ಎರಡು ವರ್ಷ ಆದ ಮೇಲೂ ಇತ್ತು!"

ಇಂಥಲ್ಲಿ ಮಧ್ಯಕ್ಕೆ ಇಳಿಯುವುದೇ ನನ್ನ ಕಸುಬು. "ಹೋಗ್ಲಿ, ಇಬ್ಬರಿಗೂ ಬೇಡ, ಏಳು ಅಂತ ಇಟ್ಕಳ್ರಿ" ಅಂದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ನಿನಗೇನು ಗೊತ್ತು? ಸುಮ್ನಿರು!"

ಮೂವತ್ತು ವರ್ಷದಲ್ಲಿ ಅವರಿಬ್ಬರು ಒಪ್ಪಿದ ಮೊದಲ ಮಾತು ಅದು.

ಯಜಮಾನರು ಅಕ್ಕನ ಎದುರಿಗೆ ಹುಣಸೆಬೀಜಗಳ ನಡುವೆ ಕೂತರು. ಒಂದೊಂದೇ ಬೀಜ ಆರಿಸಿ ಗುಡ್ಡೆ ಮಾಡಿದರು. ಆಮೇಲೆ ಅಂದರು, "ಹಂಡೆ ಅಟ್ಟದ ಮೇಲೈತೆ. ಮುಂದಿನ ವಾರ ಬಸ್ಸಿಗೆ ಹಾಕ್ಕಂಡು ಬರ್ತೀನಿ."

"ನನಗ್ಯಾಕೋ ಈಗ ಅದು? ಎತ್ತಾಕೆ ಆಗುತ್ತಾ? ಗೀಸರ್ ಹಾಕ್ಯಾರೆ" ಎಂದು ಮೂಗು ಒರೆಸಿಕೊಂಡಳು. "ಆವತ್ತು ಉಣ್ಣದೆ ಎದ್ದು ಬಂದೆನಲ್ಲ. ಹಿಂದಿನಿಂದ ಬಂದು ಕರೀತೀಯ ಅಂತ ಊರ ಮುಂದಿನ ಕಟ್ಟೆ ತನಕ ನಿಧಾನಕ್ಕೇ ನಡೆದೆ. ಎರಡು ಬಸ್ಸು ಬಿಟ್ಟೆ."

"ನೀನು ತಿರುಗಿ ನೋಡ್ತೀಯ ಅಂತ ನಾನು ಬಾಗಿಲಾಗೇ ನಿಂತಿದ್ದೆ."

"ತಿರುಗಿ ನೋಡಿದ್ರೆ ನೀನು ನಗ್ತೀಯ ಅನ್ಕಂಡೆ."

"ನಗ್ತಿದ್ದೆ" ಎಂದು ಯಜಮಾನರು ಒಪ್ಪಿಕೊಂಡರು. "ಆವಾಗ ನಗ್ತಿದ್ದೆ."

ಸುತ್ತ ಕೂತ ಹೆಂಗಸರು ಅಳಲು ಬಂದವರು, ಏಳಲೂ ಆಗದೆ ಕೂರಲೂ ಆಗದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಜ್ಜಿಯ ಸೊಸೆ ಎಲ್ಲರಿಗೂ ಚಹಾ ಮಾಡಿದಳು. ಅಜ್ಜಿ ತಮ್ಮನಿಗೆ ಮಾತ್ರ ಚಹಾ ಬೇಡವೆಂದು ತಡೆದು, "ಮೊದಲು ಉಣ್ಣು. ಕಾಲು ತೊಳ್ಕಂಡು ಬಾ, ಹಿಮ್ಮಡಿ ಉಜ್ಜಿ ತೊಳಿ" ಅಂದಳು. ಕತ್ತಲಗೆರೆಯಲ್ಲಿ ನಾಲ್ಕು ಜನಕ್ಕೆ ತೀರ್ಮಾನ ಹೇಳುವ ಮನುಷ್ಯ ಬಚ್ಚಲಿಗೆ ಹೋಗಿ ಹಿಮ್ಮಡಿ ಉಜ್ಜಿಕೊಂಡು ಬಂದರು.

ನನಗೆ ಬಸ್ಸಿನ ಹೊತ್ತಾಗಿತ್ತು. ಯಜಮಾನರನ್ನು ಕರೆದೆ.

"ಅವನು ಬರಲ್ಲ. ನಾಲ್ಕು ದಿನ ಇರ್ತಾನೆ" ಎಂದಳು ಅಜ್ಜಿ. ರೊಟ್ಟಿ ಮುರಿಯುತ್ತಿದ್ದವರು ತಲೆ ಎತ್ತಲಿಲ್ಲ. ಅವಳು ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು ಕೇಳಿದಳು.

"ಇಂಥವು ಇನ್ನೂ ಎಷ್ಟವೆ?"

"ನೂರು, ಅಜ್ಜಿ."

"ಎಲ್ಲದರ ಮೇಲೂ ಅದೇ ಬರೆದೈತಾ?"

"ಹೂಂ."

"ತೆಗಿ. ಒಂದರ ಮೇಲೂ ಇರಬಾರದು."

ಒಳಗಿನಿಂದ ಯಜಮಾನರ ದನಿ ಬಂತು. "ಅಕ್ಕ, ಉಜ್ಜಿ ತೆಗೆಯಾಕೆ ಅವಳು ಬೇರೆ ಕೂಲಿ ಕೇಳ್ತಾಳೆ!"

"ಕೇಳ್ತೀಯೇನೇ?" ಎಂದು ಅಜ್ಜಿ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡಿದಳು. ಅತ್ತ ಕಣ್ಣು ಇನ್ನೂ ಕೆಂಪಗಿತ್ತು. ನ್ಯಾಮತಿಯ ಹೊಸಿಲುಗಳ ಮುಂದೆ, ಚನ್ನಗಿರಿಯ ಸಂತೆಯಲ್ಲಿ, ಹೊನ್ನಾಳಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಇಷ್ಟು ವರ್ಷ ಯಾರಿಗೂ ಪುಕ್ಕಟೆ ಎನ್ನದ ಬಾಯಿ, "ಇಲ್ಲ ಅಜ್ಜಿ" ಎಂದುಬಿಟ್ಟಿತು. ಐವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಅದು ಹೊಸದು.

"ಹಂಗಾದ್ರೆ ಇದನ್ನೂ ತಗಂಡು ಹೋಗು" ಎಂದು ಕೈಯಲ್ಲಿದ್ದ ಡಬ್ಬಿಯನ್ನೂ ನನ್ನ ಚೀಲಕ್ಕೆ ಹಾಕಿದಳು. "ಹೆಂಗೂ ಉಜ್ಜಾಕೆ ಕುತ್ಕಂತೀಯ."

ಮಾರನೆಯ ದಿನ ಅಟ್ಟದಿಂದ ಎಲ್ಲವನ್ನೂ ಇಳಿಸಿ ಪಾಲಿಶ್ ಕಲ್ಲಿನ ಮುಂದೆ ಕೂತೆ. ಕೊರೆಯುವುದು ಸುಲಭ, ತೆಗೆಯುವುದು ಹಾಗಲ್ಲ. ಮೂವತ್ತನೆಯ ಡಬ್ಬಿಗೆ ಭುಜ ಹಿಡಿದುಕೊಂಡಿತು. ಸೊಸೆ ಎಣ್ಣೆ ತಂದು ತಿಕ್ಕುತ್ತಾ, "ಕೂಲಿ ಎಷ್ಟು ಹೇಳಿದ್ರಿ ಅತ್ತೆ?" ಎಂದು ಕೇಳಿದಳು. ನಾನು ಮೂವತ್ತೊಂದನೆಯದನ್ನು ಕೈಗೆತ್ತಿಕೊಂಡೆ.